ದಾಸಮ್ಮನ ನಂಬರು

ವನಜಾಕ್ಷಿ ಕೆಲಸ ಮಾಡುವುದು ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಗೌರೀಶರ ವಾಟರ್ ಫಿಲ್ಟರ್ ಅಂಗಡಿಯಲ್ಲಿ. ದಿನಾ ಬೆಳಗ್ಗೆ ಕೊಡಿಗೇನಹಳ್ಳಿಯಿಂದ ಬಸ್ಸು ಹತ್ತುತ್ತಾಳೆ. ಅರ್ಧ ದಾರಿಯವರೆಗೂ ಅವಳ ಮನಸ್ಸು ಮನೆಯಲ್ಲೇ ಇರುತ್ತದೆ. ಮಗಳು ಚಿನ್ನು ಹಾಲು ಕುಡಿದಳೋ ಚೆಲ್ಲಿದಳೋ, ಅತ್ತೆ ಗಂಗಲಕ್ಷ್ಮಮ್ಮ ಮಂಡಿನೋವಿನಲ್ಲಿ ಅವಳ ಹಿಂದೆ ಹೇಗೆ ಓಡಾಡುತ್ತಾರೋ ಎಂದು. ಮಧುಗಿರಿ ಬೆಟ್ಟ ಕಣ್ಣಿಗೆ ಬಿದ್ದ ಮೇಲೆ ಆಫೀಸಿನ ಯೋಚನೆ ಶುರುವಾಗುತ್ತದೆ.

ಅಂಗಡಿಯ ಗಿರಾಕಿಗಳು ಸಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲೆಲ್ಲಾ ಇದ್ದಾರೆ. ಅದರಲ್ಲೂ ಪಾವಗಡದ ಕಡೆ ಬೋರಿನ ನೀರು ಮಕ್ಕಳ ಹಲ್ಲನ್ನು ಕಂದು ಮಾಡುತ್ತದೆ, ದೊಡ್ಡವರ ಮಂಡಿ ಹಿಡಿಸುತ್ತದೆ. ಫಿಲ್ಟರ್ ಕೂರಿಸಿದರೆ ಸಾಲದು, ಒಳಗೆ ನೀರು ಸೋಸುವ ಮೆಂಬ್ರೇನ್ ಕಾಲಕಾಲಕ್ಕೆ ಬದಲಾಯಿಸಬೇಕು. ತಪ್ಪಿದರೆ ಲೋಟಕ್ಕೆ ಬರುವುದು ಅದೇ ಬೋರಿನ ನೀರು, ನೋಡಿದರೆ ಗೊತ್ತೂ ಆಗುವುದಿಲ್ಲ. ಯಾರ ಮನೆಗೆ ಯಾವಾಗ ಹೋಗಬೇಕೆಂದು ನೆನಪಿಟ್ಟುಕೊಳ್ಳಲು ಅಂಗಡಿಯಲ್ಲಿ ಒಂದು ಸಾಫ್ಟ್‌ವೇರ್ ಇದೆ. ಗಿರಾಕಿಯ ಹೆಸರು, ಊರು, ಫೋನು, ಸರ್ವೀಸಿನ ದಿನ ಎಲ್ಲ ಅದರಲ್ಲೇ. ದಿನ ಹತ್ತಿರ ಬಂದಾಗ ಅದು ತಾನೇ ಮೆಸೇಜ್ ಕಳಿಸುತ್ತದೆ, ವನಜಾಕ್ಷಿ ಫೋನ್ ಮಾಡುತ್ತಾಳೆ, ಮೆಕ್ಯಾನಿಕ್ ನವೀನ್ ಕುಮಾರ್ ಬೈಕ್ ಹತ್ತುತ್ತಾನೆ.

ಮೊದಲೆಲ್ಲಾ ಅದರಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಮಾಡಬೇಕಾದರೂ ಬೆಂಗಳೂರಿನ ಯಾರಿಗೋ ಫೋನ್ ಮಾಡಿ ಕಾಯಬೇಕಿತ್ತು. ಈ ಸಲದ ಅಪ್‌ಡೇಟ್ ಬಂದ ಮೇಲೆ ಆ ಅಧಿಕಾರವೆಲ್ಲಾ ಅಂಗಡಿಗೇ ಬಂತು. ಅಡ್ಮಿನ್ ಅಂತ ಒಬ್ಬರನ್ನು ನೇಮಿಸಿದರೆ ಅವರೇ ಹೊಸಬರನ್ನು ಸೇರಿಸಬಹುದು, ಯಾರು ಏನು ನೋಡಬೇಕೆಂದು ಗೊತ್ತುಮಾಡಬಹುದು, ಬೇಕಾದ ಹೊಸ ಕಾಲಂ ಹಾಕಿಕೊಳ್ಳಬಹುದು, ಎರಡೆರಡು ಸಲ ಬರೆದಿರುವ ಗಿರಾಕಿಗಳನ್ನು ಒಂದುಗೂಡಿಸಬಹುದು.

ಗೌರೀಶರು ವನಜಾಕ್ಷಿಯನ್ನು ಕರೆದು, ಇನ್ನು ಮೇಲೆ ನೀವೇ ಅಡ್ಮಿನ್ ಅಂದರು. ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ಈ ಪಟ್ಟಿ, ಫೋನಿನ ಕೆಲಸವನ್ನೆಲ್ಲಾ ತುಮಕೂರಿನ ಒಂದು ಕಂಪನಿಗೆ ವಹಿಸಿಬಿಡುವ ಯೋಚನೆ ಅವರಿಗಿತ್ತು. ಬೇಕಾದರೆ ವನಜಾಕ್ಷಿ ಅಲ್ಲಿಗೇ ಹೋಗಿ ಸೇರಬಹುದು. ಶನಿವಾರ ಆ ಕಂಪನಿಯವರು ಬರುತ್ತಾರೆ. ಅಷ್ಟರಲ್ಲಿ ಇಲ್ಲೇ ನಡೆಯುತ್ತದೆ ಅನ್ನಿಸಿದರೆ ಇಲ್ಲೇ.

ತುಮಕೂರು ಎಂದರೆ ಏನೆಂದು ವನಜಾಕ್ಷಿಗೆ ಗೊತ್ತಿತ್ತು. ಚಿನ್ನು ಹುಟ್ಟಿದ ಹೊಸದರಲ್ಲಿ ಅಲ್ಲೊಂದು ಆಫೀಸಿಗೆ ಕೆಲವು ದಿನ ಹೋಗಿಬಂದಿದ್ದಳು. ಎದೆಹಾಲು ಇಳಿದು ಸೀರೆ ಒದ್ದೆಯಾಗಿ, ಸೆರಗು ಬಿಗಿ ಹಿಡಿದು ಬಸ್ಸಿನಲ್ಲಿ ನಿಂತು ಬಂದರೆ ಮನೆಯಲ್ಲಿ ಮಗು ಅತ್ತೂ ಅತ್ತೂ ನಿದ್ದೆಹೋಗಿರುತ್ತಿತ್ತು. ಆ ಕೆಲಸ ಬಿಟ್ಟಾಗ ಯಾರೂ ಏನೂ ಅನ್ನಲಿಲ್ಲ, ಅವಳೇ ಒಳಗೊಳಗೆ ನೊಂದುಕೊಂಡಳು. ಮಧುಗಿರಿಯ ಈ ಕೆಲಸ ಸಿಕ್ಕ ಮೇಲೆ ಮತ್ತೆ ತಲೆಯೆತ್ತಿ ನಡೆಯುವಂತಾಗಿತ್ತು.

ಅಡ್ಮಿನ್ ಆದ ಸುದ್ದಿ ಹೇಳಿದಾಗ ಅತ್ತೆ, “ಅಂಗಂದ್ರೇನಮ್ಮ?” ಎಂದರು. ಮನೆಯ ಬೀಗದ ಕೈ ಗೊಂಚಲು ಯಾರ ಸೊಂಟದಲ್ಲಿದೆಯೋ ಅವರು ಅಂದಳು. ಗಂಗಲಕ್ಷ್ಮಮ್ಮನ ಕೈ ತಾನೇ ತಾನಾಗಿ ಸೊಂಟಕ್ಕೆ ಹೋಯಿತು. “ನನ್ಹತ್ರ ಕೇಳ್ದೆ ತಗಂಡ್ಬುಟ್ಟೆ ನೋಡು,” ಎಂದು ನಕ್ಕರು.

ಮಂಗಳವಾರ ಅವಳು ಗಿರಾಕಿಗಳ ಪಟ್ಟಿ ಶುದ್ಧ ಮಾಡಲು ಕೂತಳು. ‘ಇವರು ಒಬ್ಬರೇ ಇರಬಹುದು’ ಎಂದು ಸಾಫ್ಟ್‌ವೇರ್ ತಾನೇ ಜೋಡಿ ಜೋಡಿ ತೋರಿಸುತ್ತಿತ್ತು. ಮೊದಮೊದಲು ಒಂದೊಂದನ್ನೂ ನೋಡಿದಳು. ಹೌದು, ಒಬ್ಬರೇ. ಕೊರಟಗೆರೆಯ ಮೇಷ್ಟರೊಬ್ಬರನ್ನು ಇನಿಷಿಯಲ್ ಹಾಕಿ ಒಂದು ಸಲ, ಹಾಕದೆ ಒಂದು ಸಲ ಬರೆದಿದ್ದರು. ಒಂದುಗೂಡಿಸು ಎಂದರೆ ಎರಡು ಸಾಲು ಒಂದಾಗಿ, ಮನಸ್ಸಿಗೆ ಗುಡಿಸಿ ಸಾರಿಸಿದಷ್ಟು ಹಿತವಾಗುತ್ತಿತ್ತು. ಅಷ್ಟರಲ್ಲಿ ಅತ್ತೆಯ ಫೋನು ಬಂತು. ಮಗುವಿನ ಮೈ ಕಾದ ಹೆಂಚಿನಂತಾಗಿದೆ, ಬೇಗ ಹೊರಡು. ಬಸ್ಸಿಗೆ ಹೊತ್ತಾಗಿತ್ತು. ಉಳಿದ ಪಟ್ಟಿಯ ಮೇಲೆ ಕಣ್ಣಾಡಿಸಿದಳು. ಒಂದೇ ನಂಬರು, ಒಂದೇ ಊರು, ಸಾಲಾಗಿ; ಹೆಸರುಗಳನ್ನು ಓದಲಿಲ್ಲ. ಮಾಡಿದ ಮೇಲೆ ಹಿಂದಕ್ಕೆ ಬರುವುದಿಲ್ಲ, ಸರಿಯೇ ಎಂದು ಸಾಫ್ಟ್‌ವೇರ್ ಕೇಳಿತು. ಸರಿ ಎಂದು ಒತ್ತಿ, ಬ್ಯಾಗು ಹಿಡಿದು ಓಡಿದಳು.

ಮಗುವಿನ ಜ್ವರ ಬೆಳಗಿನ ಹೊತ್ತಿಗೆ ಇಳಿಯಿತು. ಬುಧವಾರ ಅವಳು ಆಫೀಸಿನಲ್ಲಿ ಇನ್ನೂ ಕುರ್ಚಿ ಎಳೆದುಕೊಳ್ಳುತ್ತಿರುವಾಗಲೇ ಫೋನು ಬಂತು. ಪಾವಗಡದ ಕಡೆಯ ಚಿಂತಲಪಲ್ಲಿಯ ದಾಸಮ್ಮ. ಊರ ಬಾಗಿಲಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ಅವಳ ಕನ್ನಡ ಅರ್ಧ ತೆಲುಗು.

“ಏಮ್ಮಾ ವನಜಾ, ನಿಮ್ಮ ಮೆಸೇಜು ಒಂದೇ ಬಂದೈತೆ, ನಂದು ಮಾತ್ರ. ನಮ್ಮೂರಾಗೆ ನೀಳ್ಳು ಕುಡಿಯೋಳು ನಾನೊಬ್ಳೇನಾ? ಮಿಕ್ಕಿದೋರೆಲ್ಲಾ ಏಂ ತಾಗಾಲ, ಏನ್ ಕುಡೀಬೇಕು, ಸೋಡಾನಾ?”

ವನಜಾಕ್ಷಿ ಕಂಪ್ಯೂಟರ್ ತೆರೆದು ನೋಡಿದಳು. ಚಿಂತಲಪಲ್ಲಿ ಎಂದು ಹುಡುಕಿದರೆ ಒಬ್ಬಳೇ ದಾಸಮ್ಮ. ಊರಿನ ಅಷ್ಟೂ ಫಿಲ್ಟರು ಅವಳೊಬ್ಬಳ ಹೆಸರಿನಲ್ಲಿ ಕರಗಿಹೋಗಿತ್ತು. ಬೇರೆ ಹೆಸರಿಲ್ಲ, ಬೇರೆ ದಿನಾಂಕವಿಲ್ಲ. ನವೀನನನ್ನು ಕೂಗಿ ತೋರಿಸಿದಳು.

ನವೀನ್ ಕುಮಾರ್ ತಲೆ ಕೆರೆದುಕೊಂಡ. ಆ ಊರಿನಲ್ಲಿ ಹಗಲು ಹೆಂಗಸರು ಹೊಲದಲ್ಲಿರುತ್ತಾರೆ, ಮನೆಯ ಫೋನು ಗಂಡಸರ ಜೇಬಿನಲ್ಲಿ ಹೊರಟುಹೋಗಿರುತ್ತದೆ. ಎತ್ತುವವಳು ದಾಸಮ್ಮ ಒಬ್ಬಳೇ. ಎತ್ತಿ, ಮನೆಮನೆಗೂ ಹೋಗಿ, ನಾಳೆ ಫಿಲ್ಟರ್‌ನೋರು ಬರ್ತಾರೆ ಬೀಗ ಹಾಕಬೇಡಿ ಎಂದು ಹೇಳಿಬರುತ್ತಾಳೆ. ಹಾಗಾಗಿ ಎಲ್ಲರ ಹೆಸರಿನ ಮುಂದೂ ಅವಳ ನಂಬರನ್ನೇ ಬರೆದಿದ್ದ. ಅದರಲ್ಲಿ ತಪ್ಪೇನಿತ್ತು? ಇಷ್ಟು ದಿನ ಚೆನ್ನಾಗಿಯೇ ನಡೆದಿತ್ತು.

ಯಾರು ಏನು ಒತ್ತಿದರು ಎಂದು ತೋರಿಸುವ ಪುಟವೊಂದು ಆ ಅಪ್‌ಡೇಟಿನಲ್ಲಿ ಬಂದಿತ್ತು. ಅಡ್ಮಿನ್ ಬಿಟ್ಟು ಬೇರೆಯವರಿಗೆ ಅದು ಕಾಣುವುದಿಲ್ಲ.

“ಅಕ್ಕ, ಸಾಫ್ಟ್‌ವೇರ್ದೇ ತಪ್ಪು ಅಂದ್ಬುಡಿ,” ಎಂದ ನವೀನ. “ಸಾರ್‌ಗೆ ಹೆಂಗೆ ಗೊತ್ತಾಗುತ್ತೆ?”

ಅವಳು ಆ ಪುಟದಲ್ಲಿ ತನ್ನ ಹೆಸರನ್ನು ಸ್ವಲ್ಪ ಹೊತ್ತು ನೋಡಿದಳು. ತುಮಕೂರಿನ ಬಸ್ಸು ನೆನಪಾಯಿತು. ಹಾಗೆಂದುಬಿಡಬಹುದಿತ್ತು. ಆದರೆ ಹಾಗೆಂದರೆ ಮೆಂಬ್ರೇನ್ ಬದಲಾಗುವುದಿಲ್ಲವಲ್ಲ. ಬೆಂಗಳೂರಿನವರ ಮೇಲೆ ದೂರು ಕೊಟ್ಟು ಕಾಯುತ್ತಾ ಕೂತರೆ ಆ ಮನೆಗಳ ಮಕ್ಕಳು ಕುಡಿಯುವುದು ಏನನ್ನು? ಸಿರಾಕ್ಕೆ ಹೋಗಿದ್ದ ಗೌರೀಶರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಅವರು, ಶನಿವಾರದೊಳಗೆ ಸರಿಮಾಡಲು ಆಗುತ್ತದೆಯೋ ನೋಡಿ, ಆಗದಿದ್ದರೆ ನಾನು ಬೇರೆ ದಾರಿ ನೋಡಲೇಬೇಕಾಗುತ್ತದೆ ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು ಅನ್ನಿಸಿತು ಅವಳಿಗೆ.

ಗುರುವಾರ ಪಾವಗಡದ ಬಸ್ಸು ಹತ್ತಿದಾಗ ಚಿನ್ನುವೂ ಸೊಂಟದ ಮೇಲಿದ್ದಳು. ಜ್ವರ ಬಿಟ್ಟ ಮಗು ಅಮ್ಮನನ್ನು ಬಿಡಲೊಲ್ಲದೆ ಸೆರಗು ಹಿಡಿದಿತ್ತು. ನವೀನ ಬೈಕಿನಲ್ಲಿ ಮುಂದೆ ಹೋಗಿದ್ದ. ದಾಸಮ್ಮ ಅಂಗಡಿಯ ಮುಂದೆ ಗೋಣಿಚೀಲ ಹಾಸಿ ಕೂರಿಸಿದಳು, ಮಗುವಿನ ಕೈಗೆ ಕಡಲೆ ಮಿಠಾಯಿ ಕೊಟ್ಟಳು. ಆದದ್ದನ್ನೆಲ್ಲಾ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ.

“ಊರೆಲ್ಲಾ ಸೇರಿ ನಾನೊಬ್ಳೇ ಆಗ್ಬುಟ್ನಾ? ಅಯ್ಯೋ ತಲ್ಲೀ, ಅಂಗಾದ್ರೆ ಊರೋರ ಮಂಡಿನೋವೆಲ್ಲಾ ನಂಗೇ ಬರಾಕಿಲ್ವಾ?”

ಅಂಗಡಿಗೆ ಚಿಲಕ ಹಾಕಿ ಅವಳೇ ಮುಂದಾದಳು. ಮನೆಮನೆಗೂ ಹೋಗಿ ಯಂತ್ರದ ಹೊಟ್ಟೆ ಬಿಚ್ಚಿ ನೋಡಬೇಕಾಯಿತು. ಕೂರಿಸಿದ ದಿನವನ್ನು ನವೀನ ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಬರೆದಿದ್ದ, ಕೆಲವು ಮನೆಯವರು ಒರೆಸಿ ಒರೆಸಿ ಅದನ್ನು ಅಳಿಸಿಬಿಟ್ಟಿದ್ದರು. ಅಂಥ ಕಡೆ ದಾಸಮ್ಮ ತನ್ನ ನೆನಪನ್ನು ಮುಂದಿಟ್ಟಳು, ಬಹಳ ಸಲ ತಪ್ಪಾಗಿಯೇ. ಈ ಮನೆಯದ್ದು ಮಗಳ ಸೀಮಂತದ ಮುಂಚೆ ಬಂದದ್ದು ಎಂದಳು. ಮನೆಯೊಡತಿ ಪೆದ್ದಮ್ಮ ಕಸಬರಿಕೆ ಕೆಳಗಿಟ್ಟು, ಸೀಮಂತಕ್ಕೆ ನೀನು ಬಂದೇ ಇರಲಿಲ್ಲ, ನಿನಗೇನು ಗೊತ್ತು ಎಂದು ಹಳೆಯ ಜಗಳವೊಂದನ್ನು ಎತ್ತಿಕೊಂಡಳು. ಕೊನೆಗೆ ನವೀನ ಮೆಂಬ್ರೇನ್ ಈಚೆ ತೆಗೆದು, ಅದರ ಬಣ್ಣ ನೋಡಿ, ದಿನ ಯಾವುದಾದರೂ ಇರಲಿ ಇದನ್ನು ಇವತ್ತೇ ಬದಲಾಯಿಸಬೇಕು, ಭಾನುವಾರ ಬಂದು ಇನ್ನೊಂದು ಸಲ ನೀರು ನೋಡಿ ಹೋಗುತ್ತೇನೆ ಎಂದ.

ವನಜಾಕ್ಷಿಗೆ ತೊಡಕಾದದ್ದು ಅದಲ್ಲ. ಈ ಸಲ ಎಲ್ಲರದೂ ಬೇರೆ ಬೇರೆ ನಂಬರು ಬರೆದುಕೊಂಡೇ ಹೋಗಬೇಕೆಂದು ಬಂದಿದ್ದಳು. ಕೇಳಿದರೆ ಎಲ್ಲರದೂ ಒಂದೇ ಮಾತು, ದಾಸಮ್ಮಂದೇ ಬರ್ಕೋ. ನಿಮ್ಮದೇ ಬೇಕು ಎಂದು ಹಟ ಹಿಡಿದಾಗ ಪೆದ್ದಮ್ಮ ಗಂಡನ ನಂಬರು ಹೇಳಿದಳು. ಹೇಳಿ, ಬಾಗಿಲವರೆಗೂ ಹಿಂದೆ ಬಂದಳು.

“ಬರ್ಕಂಡಿದ್ದು ಸರಿ. ಫೋನ್ ಮಾತ್ರ ಅದ್ಕೆ ಮಾಡ್ಬ್ಯಾಡ ಕಣಮ್ಮ. ಅವ್ರು ಸರಿ ಅಂತಾರೆ, ಮನೇಲಿ ಬಂದು ಹೇಳಾಕಿಲ್ಲ. ನೀವು ಬಂದಾಗ ನಾನು ಹೊಲದಾಗಿರ್ತೀನಿ, ನಿಮ್ಮೋರು ಬೀಗ ನೋಡ್ಕಂಡು ವಾಪಸ್ ಹೋಯ್ತಾರೆ.”

ವಾಪಸು ಬರುವ ಬಸ್ಸಿನಲ್ಲಿ ಚಿನ್ನು ಅಂಟಂಟು ಬೆರಳುಗಳನ್ನು ಅಮ್ಮನ ಕುತ್ತಿಗೆಗೆ ಸುತ್ತಿ ನಿದ್ದೆಹೋದಳು. ಪೆದ್ದಮ್ಮನ ಮಾತು ವನಜಾಕ್ಷಿಯನ್ನು ಬಿಡಲಿಲ್ಲ. ಮಂಗಳವಾರ ಮಗುವಿನ ಮೈ ಕಾದಾಗ ಆಫೀಸಿಗೆ ಫೋನ್ ಮಾಡಿದ್ದು ಚಿನ್ನುವಲ್ಲವಲ್ಲ, ಅತ್ತೆ. ಫಿಲ್ಟರು ಯಾರದು ಎನ್ನುವುದು ಬೇರೆ, ಆ ಮನೆಗೆ ಸುದ್ದಿ ಮುಟ್ಟಿಸುವವರು ಯಾರು ಎನ್ನುವುದು ಬೇರೆ. ಎರಡಕ್ಕೂ ಒಂದೇ ಜಾಗ ಇದ್ದದ್ದರಿಂದ ನವೀನ ಒಂದನ್ನು ಇನ್ನೊಂದರಲ್ಲಿ ತುರುಕಿದ್ದ, ಅವಳು ಎರಡನ್ನೂ ಒಂದೆಂದು ತಿಳಿದಿದ್ದಳು.

ಶುಕ್ರವಾರ ಅವಳು ಅಡ್ಮಿನ್ ಪುಟ ತೆರೆದು ಹೊಸದೊಂದು ಕಾಲಂ ಮಾಡಿದಳು. ಅದಕ್ಕೆ ‘ಸುದ್ದಿ ಮುಟ್ಟಿಸುವವರು’ ಎಂದೇ ಹೆಸರಿಟ್ಟಳು. ಗಿರಾಕಿಯ ನಂಬರು ಗಿರಾಕಿಯ ಜಾಗದಲ್ಲಿ, ದಾಸಮ್ಮನ ನಂಬರು ಈ ಹೊಸ ಜಾಗದಲ್ಲಿ. ಮೆಸೇಜು ಇಬ್ಬರಿಗೂ ಹೋಗಲಿ, ಕರೆ ಮಾತ್ರ ದಾಸಮ್ಮನಿಗೆ. ಚಿಂತಲಪಲ್ಲಿಯ ಒಬ್ಬೊಬ್ಬರನ್ನೂ ಮತ್ತೆ ಬೇರೆಬೇರೆಯಾಗಿ ಬರೆದಳು. ಒಂದುಗೂಡಿಸುವ ಕೆಲಸಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕು ಎಂದು ಕಟ್ಟು ಹಾಕುವ ಸೌಲಭ್ಯವೂ ಅಲ್ಲೇ ಇತ್ತು, ಮೊದಲ ದಿನ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಅದನ್ನು ಹಾಕಿ ಆ ಇನ್ನೊಬ್ಬರ ಜಾಗದಲ್ಲಿ ನವೀನನ ಹೆಸರು ಸೇರಿಸಿದಳು. ತನ್ನ ಕೈಯನ್ನು ತಾನೇ ಕಟ್ಟಿಕೊಂಡಂತಾಯಿತು. ಆದರೂ ಮನಸ್ಸಿಗೆ ನಿರಾಳವಾಯಿತು.

ಶನಿವಾರ ತುಮಕೂರಿನಿಂದ ಚೇತನ್ ಕುಮಾರ್ ಎಂಬುವರು ಬಂದರು. ಒಳ್ಳೆಯ ಮನುಷ್ಯ, ಮೆದು ಮಾತು. ಎಲ್ಲವನ್ನೂ ನೋಡಿ ಅಚ್ಚುಕಟ್ಟಾಗಿದೆ ಎಂದರು. ಈ ಹೊಸ ಕಾಲಂ ಮಾತ್ರ ತಮ್ಮಲ್ಲಿ ಬಳಸುವುದಿಲ್ಲ, ಒಬ್ಬ ಗಿರಾಕಿಗೆ ಒಂದು ನಂಬರು ಎನ್ನುವುದು ತಮ್ಮ ಪದ್ಧತಿ, ತೆಗೆದುಬಿಡಬಹುದು ಎಂದರು.

ಗೌರೀಶರು ಪರದೆಯ ಮೇಲಿನ ಆ ಕಾಲಂ ನೋಡಿದರು. ಫೋನೆತ್ತಿ, ಪೆದ್ದಮ್ಮನ ಸಾಲಿನಲ್ಲಿದ್ದ ಗಂಡನ ನಂಬರು ಒತ್ತಿ ಸ್ಪೀಕರ್ ಹಾಕಿದರು. ನಾಳೆ ಮೆಕ್ಯಾನಿಕ್ ಬರುತ್ತಾನೆ ಎನ್ನುವಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದಿನ ನಡುವೆ ಒಬ್ಬ ಗಂಡಸು, ಸರಿ ಸರಿ ಎಂದು ಪೂರ್ತಿ ಕೇಳದೆಯೇ ಇಟ್ಟುಬಿಟ್ಟ. ಆಮೇಲೆ ದಾಸಮ್ಮನಿಗೆ ಮಾಡಿದರು.

“ಎವರೂ? ಗೌರೀಶಪ್ಪನಾ? ವನಜಾ ಎಲ್ಲಿ, ಮಗೀಗೆ ಜ್ವರ ತಿರುಗಿ ಬಂತಾ? ನಾಳೆ ಪೆದ್ದಮ್ಮನ ಮನೆಗೆ ಕಳಿಸ್ಬ್ಯಾಡಿ, ಆಯಮ್ಮ ತವರಿಗೆ ಹೋಗವ್ಳೆ, ಸೋಮವಾರ ಬರ್ತಾಳೆ.”

ಗೌರೀಶರು ಆಗಲಿ ಎಂದು ಇಟ್ಟರು. ಚೇತನ್ ಕುಮಾರರ ಕಡೆ ತಿರುಗಿ, ಬಂದದ್ದು ಸಂತೋಷ, ಸದ್ಯಕ್ಕೆ ಇಲ್ಲೇ ನಡೆಸುತ್ತೇವೆ ಎಂದು ಕಾಫಿ ತರಿಸಿದರು. ವನಜಾಕ್ಷಿಗೆ ಹೇಳಿದ್ದು ಒಂದೇ. ಪೆದ್ದಮ್ಮನದು ಸೋಮವಾರ ಅಂತ ಬರ್ಕೊಳ್ಳಿ.

ಬರೆದುಕೊಂಡಳು. ಸಂಜೆ ಹೊರಡುವ ಮುಂಚೆ ಕೊಡಿಗೇನಹಳ್ಳಿಯ ತನ್ನ ಮನೆಯ ಸಾಲನ್ನು ತೆರೆದಳು, ಅವಳ ಮನೆಯಲ್ಲೂ ಅದೇ ಅಂಗಡಿಯ ಫಿಲ್ಟರ್ ಇತ್ತು. ಸುದ್ದಿ ಮುಟ್ಟಿಸುವವರು ಎಂಬಲ್ಲಿ ಗಂಗಲಕ್ಷ್ಮಮ್ಮ ಎಂದು ಬರೆದು, ಕಂಪ್ಯೂಟರ್ ಆರಿಸಿ, ನಡೆದೇ ಬಸ್ ಸ್ಟ್ಯಾಂಡಿಗೆ ಹೋದಳು. ಇವತ್ತು ಓಡಬೇಕಾಗಿರಲಿಲ್ಲ.