ಹದಿನಾಲ್ಕು ಪುಸ್ತಕಗಳ ಮಕೆರೆಟಾ

ತವೆಯುನಿ ದ್ವೀಪದ ವುನಿವಾಯ್ ಊರಿನಲ್ಲಿ ಮಕೆರೆಟಾಳ ಮನೆಯಷ್ಟು ಖಾಲಿಯಾದ ಮನೆ ಇನ್ನೊಂದಿರಲಿಲ್ಲ. ದೊಡ್ಡ ಪಾತ್ರೆಯನ್ನು ಚಿಕ್ಕಪ್ಪನ ಸೊಸೆ ಕೇಳಿದಳು, ಹೋಯಿತು. ಛತ್ರಿಯನ್ನು ಅಣ್ಣನ ಮಗ ಕೇಳಿದ, ಹೋಯಿತು. ಅವಳೇ ಆರು ತಿಂಗಳು ಕೂತು ಹೆಣೆದ ಚಾಪೆ ಯಾರದೋ ಮದುವೆಗೆ ಹೋಯಿತು. ನೆಂಟರು "ಕೆರೆಕೆರೆ" ಎಂದು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನುವಂತಿಲ್ಲ. ಊರಿನಲ್ಲಿ ನೆಂಟರಲ್ಲದವರು ಯಾರೂ ಇರಲಿಲ್ಲ.

ಆದರೆ ಕಿಟಕಿಯ ಪಕ್ಕದ ಹಲಗೆಯ ಮೇಲೆ ಹದಿನಾಲ್ಕು ಹಳೆಯ ಕಾದಂಬರಿಗಳು ನಲವತ್ತೊಂದು ವರ್ಷದಿಂದ ಕದಲದೆ ಇದ್ದವು. ಮಕೆರೆಟಾಗೆ ಹದಿನೇಳು ತುಂಬಿದಾಗ, ಅವಳು ಬಟ್ಟೆ ಒಗೆದುಕೊಡುತ್ತಿದ್ದ ಮನೆಯ ಮೇಷ್ಟ್ರ ಹೆಂಡತಿ ದ್ವೀಪ ಬಿಟ್ಟು ಹೊರಟಳು. ಪೆಟ್ಟಿಗೆ ಭಾರವಾಯಿತೆಂದು ಪುಸ್ತಕಗಳನ್ನು ಇವಳ ತೋಳಿನ ಮೇಲೆ ಹೇರಿ ಹೋದಳು. ಈಗ ಮಕೆರೆಟಾಗೆ ಐವತ್ತೆಂಟು. ಮದುವೆಯಾಗಲಿಲ್ಲ. ಕೆಸವಿನ ಗದ್ದೆ, ಚರ್ಚಿನ ಹಾಡಿನಲ್ಲಿ ಎರಡನೆಯ ದನಿ, ಮತ್ತು ಈ ಹದಿನಾಲ್ಕು. ಅವಳ ಬದುಕು ಅಷ್ಟೇ ಎಂದು ಜನ ಹೇಳುತ್ತಿದ್ದರು. ಅವಳೂ ಹಾಗೆಯೇ ಹೇಳುತ್ತಿದ್ದಳು, ಆದರೆ ಹೆಮ್ಮೆಯಿಂದ.

ಪುಸ್ತಕ ಜಗುಲಿ ದಾಟುವಂತಿರಲಿಲ್ಲ. ಓದುವ ಮಕ್ಕಳು ಮೊದಲು ಕೈಯ ಕೊಬ್ಬರಿ ಎಣ್ಣೆ ತೊಳೆಯಬೇಕು. ಯಾವ ವಯಸ್ಸಿಗೆ ಯಾವ ಪುಸ್ತಕ ಎಂದು ಅವಳೇ ತೀರ್ಮಾನಿಸುತ್ತಿದ್ದಳು. ಹತ್ತಕ್ಕೆ ಕುಂಟ ಕತ್ತೆಯ ಕಥೆ. ಹನ್ನೊಂದಕ್ಕೆ ದೀಪಸ್ತಂಭದ ಅವಳಿ ಮಕ್ಕಳು. ಹನ್ನೆರಡು ತುಂಬುವ ತನಕ, ಯಾರಾದರೂ ಸಾಯುವ ಪುಸ್ತಕ ಇಲ್ಲ. "ಹಳೇ ಕಾದಂಬರೀಲಿ ಒಬ್ಬಳು ಬಾಗಿಲು ತೆಗೆಯೋಕೆ ಅರ್ಧ ಪುಟ ಬೇಕು," ಎನ್ನುತ್ತಿದ್ದಳು. "ಆ ಅರ್ಧ ಪುಟ ಕಾಯೋದು ಕಲ್ತ ಮಗು ಮುಂದೆ ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸಲ್ಲ."

ಹದಿನಾಲ್ಕನ್ನೂ ಮುಗಿಸಿದ ಮಗು ಇದುವರೆಗೆ ಒಂದೂ ಇರಲಿಲ್ಲ. ಐದೋ ಆರೋ ಆಗುವಷ್ಟರಲ್ಲಿ ದೋಣಿ, ಚೆಂಡು, ಪ್ರೀತಿ, ಏನಾದರೊಂದು ಬಂದು ಎಳೆದುಕೊಂಡು ಹೋಗುತ್ತಿತ್ತು. ಕೊನೆಗೆ ಪಕ್ಕದ ಮನೆಯ ಅರಿಯೆಟಾ ಬಂದಳು. ಹನ್ನೆರಡೂವರೆ ವರ್ಷಕ್ಕೆ ಒಂಬತ್ತು ಮುಗಿಸಿದ್ದಳು. ಹತ್ತನೆಯದು ಎಲ್ಲಕ್ಕಿಂತ ದಪ್ಪ. ಉಪ್ಪು ಸಾಗಿಸುವ ಹಡಗು ಹತ್ತಿ ಹೋದ ಅಣ್ಣನನ್ನು ಹುಡುಕಿ ಹೊರಡುವ ಟಾಮ್ಸಿನ್ ಎಂಬ ಅನಾಥ ಹುಡುಗಿಯ ಕಥೆ. ಹದಿಮೂರು ತುಂಬಿದ ದಿನ ಕೊಡುತ್ತೇನೆ ಎಂದು ಮಕೆರೆಟಾ ಮಾತು ಕೊಟ್ಟಿದ್ದಳು. ಅರಿಯೆಟಾ ಹದಿನಾಲ್ಕನ್ನೂ ಮುಗಿಸಬೇಕು, ಈ ಜಗುಲಿಯಲ್ಲೇ ಮುಗಿಸಬೇಕು. ಇದಕ್ಕಿಂತ ದೊಡ್ಡ ಆಸೆ ಮಕೆರೆಟಾಗೆ ಆಗ ಇನ್ನೊಂದಿರಲಿಲ್ಲ.

ಅಂಥ ಹೊತ್ತಿನಲ್ಲಿ ಸೆನಿಮಿಲಿ ಊರಿಗೆ ವಾಪಸು ಬಂದಳು.

ಸೆನಿಮಿಲಿ ಮಕೆರೆಟಾಳ ಸೋದರಮಾವನ ಮಗಳು. ಈ ವರಸೆಯ ಹೆಂಗಸರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಸಿಟ್ಟಾಗುವಂತಿಲ್ಲ. ಅಕ್ಷರ ತಲೆಗೆ ಹತ್ತದೆ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಮದುವೆಯಾಗಿ ಸುವಾ ಪಟ್ಟಣ ಸೇರಿದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಹಲಸಿನ ಜಾತಿಯ ದೊಡ್ಡ ಮರದಡಿ ಚಾಪೆ ಹೆಣೆಯಲು ಕೂತಳು. ಮಕ್ಕಳು ಕೇದಗೆ ಎಲೆಯ ಮುಳ್ಳು ಬಿಡಿಸಿಕೊಡಲು ಬಂದರು. ಕೈಗೆ ಕೆಲಸ ಕೊಟ್ಟು ಬಾಯಿ ಸುಮ್ಮನಿರಬಾರದೆಂದು ಅವಳು ಕಥೆ ಶುರು ಮಾಡಿದಳು.

ಅವು ಮಕೆರೆಟಾಳ ಪುಸ್ತಕಗಳ ಕಥೆಗಳೇ. ಇಬ್ಬರೂ ಹುಡುಗಿಯರಾಗಿದ್ದಾಗ, ಸೆನಿಮಿಲಿ ಹೊಳೆಯಲ್ಲಿ ಸಿಗಡಿ ಹಿಡಿಯುವಾಗ, ಮಕೆರೆಟಾ ಬಂಡೆಯ ಮೇಲೆ ಕೂತು ಜೋರಾಗಿ ಓದಿದ್ದವು. ಸೆನಿಮಿಲಿ ಒಂದನ್ನೂ ಮರೆತಿರಲಿಲ್ಲ.

ಒಂದು ಸಂಜೆ ಮಕೆರೆಟಾಳ ಜಗುಲಿಗೆ ಯಾರೂ ಬರಲಿಲ್ಲ. ಮರದ ಕಡೆಯಿಂದ ನಗು ಕೇಳಿಸಿತು. ಅವಳು ಹೋಗಿ ನಿಂತಳು. ದೀಪಸ್ತಂಭದ ಅವಳಿ ಮಕ್ಕಳು ಸೆನಿಮಿಲಿಯ ಕಥೆಯಲ್ಲಿ ಅತ್ತೆಯ ಮನೆಯಲ್ಲಿ ಊಟ ಮಾಡುತ್ತಿದ್ದರು.

"ಆ ಪುಸ್ತಕದಲ್ಲಿ ಅತ್ತೆ ಇಲ್ಲ," ಎಂದಳು ಮಕೆರೆಟಾ.

"ಇಲ್ದಿದ್ರೆ ನಾನು ಕೊಟ್ಟೆ ಬಿಡು ಅತ್ತಿಗೆ. ಅಪ್ಪ ಅಮ್ಮ ಇಲ್ದಿರೋ ಮಕ್ಳಿಗೆ ಒಬ್ಬಳು ಅತ್ತೆನೂ ಇಲ್ಲ ಅಂದ್ರೆ ಈ ಮಕ್ಳು ನಂಬ್ತಾವಾ?"

"ನಂಬಲ್ಲ ಬುಬು," ಎಂದವು ಮಕ್ಕಳು. ಬುಬು ಎಂದರೆ ಅಜ್ಜಿ.

"ಪುಸ್ತಕದಲ್ಲಿ ಇದ್ದ ಹಾಗೆ ಹೇಳ್ಬೇಕು."

"ನಿನ್ನ ಜಗಲೀಲಿ ಕೈ ತೊಳೀಬೇಕು, ಕಾಲು ಮಡಚಬೇಕು, ಕೆಮ್ಮಬಾರದು. ಪುಸ್ತಕ ಓದೋಕೋ, ಪೊಲೀಸ್ ಠಾಣೇಲಿ ಹಾಜರಿ ಹಾಕೋಕೋ?" ಎಂದು ಸೆನಿಮಿಲಿ ಕಣ್ಣು ಹೊಡೆದಳು. ಎಲ್ಲರೂ ನಕ್ಕರು. ವರಸೆ ಅಂಥದ್ದು, ಮಕೆರೆಟಾಳೂ ನಗಬೇಕಾಯಿತು. ನಗುತ್ತಲೇ ಅವಳು ನೋಡಿದ್ದು ಒಂದನ್ನೇ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅರಿಯೆಟಾ.

ಅಂದಿನಿಂದ ಮಕೆರೆಟಾಗೆ ಅನ್ನ ರುಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ತಿಂದಳು. ಆದರೆ ತಿನ್ನುವಾಗಲೂ ಕಿವಿ ಮರದ ಕಡೆಗಿರುತ್ತಿತ್ತು. ಇನ್ನೊಂದು ವಿಷಯ ಅವಳನ್ನು ಚುಚ್ಚುತ್ತಿತ್ತು. ಅರಿಯೆಟಾ ಇವಳನ್ನು ಕರೆಯುವಾಗ "ಬುಬು ಮಕೆರೆಟಾ" ಎನ್ನುತ್ತಿದ್ದಳು. ಸೆನಿಮಿಲಿಯನ್ನು ಬರೀ "ಬುಬು" ಎನ್ನುತ್ತಿದ್ದಳು. ಬಂದು ಎರಡು ತಿಂಗಳಾಗಿಲ್ಲ, ಹೆಸರೇ ಬೇಡವಾಯಿತು.

ಸೆನಿಮಿಲಿಗೆ ಗೊತ್ತಿದ್ದ ಕಥೆಗಳು ಮುಗಿದವು. ಮಕೆರೆಟಾ ಟಾಮ್ಸಿನ್‌ಳ ಕಥೆ ಓದಿ ಹೇಳುವ ಮೊದಲೇ ಅವಳ ಮದುವೆಯಾಗಿತ್ತಾದ್ದರಿಂದ ಅದು ಅವಳಿಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಚರ್ಚು ಬಿಟ್ಟ ಮೇಲೆ, ಹೆಂಗಸರೆಲ್ಲ ಮೆಟ್ಟಿಲ ಮೇಲೆ ಬೀಸಣಿಗೆ ಹಿಡಿದು ನಿಂತಿದ್ದಾಗ, ಅವಳು ಮಕೆರೆಟಾಳನ್ನು ಕರೆದಳು.

"ಅತ್ತಿಗೆ, ಕೆರೆಕೆರೆ. ಆ ದಪ್ಪ ಪುಸ್ತಕ ನಂಗೆ ಬೇಕು."

ಹೆಂಗಸರೆಲ್ಲ ತಿರುಗಿ ನೋಡಿದರು. ಪಾತ್ರೆ ಕೇಳುವುದನ್ನು ಕಂಡಿದ್ದರು, ಹಂದಿಮರಿ ಕೇಳುವುದನ್ನು ಕಂಡಿದ್ದರು. ಪುಸ್ತಕವನ್ನು ಯಾರೂ ಕೇಳಿರಲಿಲ್ಲ.

"ನಿಂಗೆ ಓದೋಕೇ ಬರಲ್ವಲ್ಲೇ," ಎಂದಳು ಮಕೆರೆಟಾ.

"ತಲೆದಿಂಬು ಮಾಡ್ಕೊಳ್ತೀನಿ. ಮಲಗಿದ್ರೆ ಕಿವಿಯೊಳಗೆ ಇಳಿಯುತ್ತೇನೋ!"

ನಗುವಿನ ನಡುವೆ ಮಕೆರೆಟಾಗೆ ಒಂದು ವಿಷಯ ಅರ್ಥವಾಯಿತು. ಊರಿನವರು ತನ್ನ ಪುಸ್ತಕಗಳನ್ನು ಗೌರವದಿಂದ ಮುಟ್ಟದೆ ಬಿಟ್ಟಿದ್ದಾರೆ ಎಂದು ಅವಳು ನಲವತ್ತೊಂದು ವರ್ಷ ಅಂದುಕೊಂಡಿದ್ದಳು. ಹಾಗಲ್ಲ. ಯಾರಿಗೂ ಬೇಡವಾಗಿದ್ದವು, ಅದಕ್ಕೇ ಉಳಿದಿದ್ದವು. ಮೊದಲ ಸಲ ಬೇಕು ಎಂದವಳು ಓದಲು ಬಾರದ ಸೆನಿಮಿಲಿ.

"ಸಾಯಂಕಾಲ ತಂದ್ಕೊಡ್ತೀನಿ," ಎಂದಳು. ಸೆನಿಮಿಲಿ ಅಂಗೈ ಬೊಗಸೆ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದಳು. ಕೊಟ್ಟದ್ದನ್ನು ಸ್ವೀಕರಿಸಿದ ಹಾಗಾಯಿತು.

ಮಧ್ಯಾಹ್ನ ಮಕೆರೆಟಾ ಬಾಗಿಲು ಹಾಕಿಕೊಂಡು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು. ಕೇದಗೆ ಸೀಳುವ ಸಣ್ಣ ಚಾಕು ತೆಗೆದು ಕೊನೆಯ ಹನ್ನೊಂದು ಹಾಳೆಗಳನ್ನು ಬುಡದಿಂದ ಬಿಡಿಸಿದಳು. ಹಾಳೆಗಳನ್ನು ಹಾಡಿನ ಪುಸ್ತಕದೊಳಗಿಟ್ಟು, ಉಳಿದದ್ದನ್ನು ಸೆನಿಮಿಲಿಗೆ ಕೊಟ್ಟು ಬಂದಳು. ಕೊನೆ ಬೇಕಾದಾಗ ಹುಡುಗಿ ನನ್ನ ಹತ್ತಿರವೇ ಬರಬೇಕು, ಎಂಬುದು ಅವಳ ಲೆಕ್ಕ.

ಮೂರು ವಾರ ಅವಳು ಗದ್ದೆಗೆ ಹೋಗುವ ದಾರಿ ಬದಲಿಸಿಕೊಂಡು ಸೆನಿಮಿಲಿಯ ಮನೆಯ ಬೇಲಿಯ ಪಕ್ಕದಲ್ಲಿ ನಡೆದಳು. ಒಳಗೆ ಓದುತ್ತಿದ್ದವಳು ಅರಿಯೆಟಾ. ಸೆನಿಮಿಲಿಗೆ ಓದಲು ಬಾರದ್ದರಿಂದ ಹುಡುಗಿ ಜೋರಾಗಿ ಓದಬೇಕು, ಕಷ್ಟದ ಮಾತನ್ನು ಬಿಡಿಸಿ ಹೇಳಬೇಕು. ಮಕೆರೆಟಾಳ ಜಗುಲಿಯಲ್ಲಿ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದವಳ ದನಿ ಈಗ ಎಲ್ಲಿ ಏರಬೇಕೋ ಅಲ್ಲಿ ಏರುತ್ತಿತ್ತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಅಷ್ಟು ಚೆನ್ನಾಗಿ ಓದುವ ಮಗುವನ್ನು ಮಕೆರೆಟಾ ಕಂಡಿರಲಿಲ್ಲ. ಅದು ತನ್ನಿಂದ ಆದದ್ದಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ಸಹಿಸಲಾಗದ್ದು.

ಕೊನೆಯ ದಿನ ಅವಳು ಬೇಲಿಯ ಆಚೆ ಕಳೆ ಕೀಳುವವಳಂತೆ ಕುಕ್ಕುರುಗಾಲಲ್ಲಿ ಕೂತಿದ್ದಳು.

"ಬುಬು, ಇಲ್ಲಿಗೇ ನಿಂತ್ಹೋಯ್ತು! ಮುಂದಿನ ಹಾಳೇನೇ ಇಲ್ಲ. ಗೆದ್ದಲು ತಿಂದಿರ್ಬೇಕು."

"ಕೊಡಿಲ್ಲಿ ನೋಡೋಣ." ಸೆನಿಮಿಲಿ ಪುಸ್ತಕದ ಬುಡದ ಮೇಲೆ ಬೆರಳಾಡಿಸಿದಳು. ಓದಲು ಬಾರದಿದ್ದರೂ ಅಂಚು ನೋಡಿ ಹೇಳುವುದು ಅವಳಿಗೆ ಬರುತ್ತಿತ್ತು. "ಗೆದ್ದಲು ಇಷ್ಟು ನೆಟ್ಟಗೆ ತಿನ್ನಲ್ಲ. ಇದು ಚಾಕು."

"ಯಾರು ಕತ್ತರಿಸಿದ್ದು?"

ಸೆನಿಮಿಲಿ ಪುಸ್ತಕ ಮುಚ್ಚಿದಳು. "ಹಳೇ ಪುಸ್ತಕ ಕಣೇ. ಎಷ್ಟು ಕೈ ದಾಟಿದ್ಯೋ ಯಾರಿಗೊತ್ತು."

"ಬುಬು ಮಕೆರೆಟಾಗೆ ಕೊನೆ ಗೊತ್ತಿರುತ್ತೆ. ಹೋಗಿ ಕೇಳ್ಲಾ?"

ಮಕೆರೆಟಾ ಕಳೆಯನ್ನು ಅಲ್ಲೇ ಬಿಟ್ಟು ಹಿತ್ತಲ ದಾರಿಯಲ್ಲಿ ಮನೆಗೆ ಓಡಿದಳು. ಜಗುಲಿ ಗುಡಿಸಿದಳು. ಚಾಪೆ ಹಾಸಿದಳು. ಸಂಜೆ ಪ್ರಾರ್ಥನೆಯ ಮರದ ಡೋಲು ಬಾರಿಸುವ ತನಕ ಕಾದಳು. ಬಂದವಳು ಸೆನಿಮಿಲಿ, ಒಬ್ಬಳೇ.

"ಅವಳು ಬರ್ತೀನಿ ಅಂದ್ಲು, ನಾನೇ ತಡೆದೆ," ಎಂದಳು ನಿಂತುಕೊಂಡೇ. ದನಿಯಲ್ಲಿ ಗೇಲಿ ಇರಲಿಲ್ಲ. "ಅವಳು ಕೇಳ್ತಾಳೆ, ನೀನು ಹಾಳೆ ತೆಗೆದು ಕೊಡ್ತೀಯ. ಆಗ ಅವಳಿಗೆ ಗೊತ್ತಾಗುತ್ತೆ. ಮಗು ಮುಂದೆ ನೀನು ಸಣ್ಣವಳಾಗೋದು ನಂಗೆ ಬೇಡ."

"ಹಾಗಾದ್ರೆ ನೀನೇ ಕೇಳು. ಕೆರೆಕೆರೆ ಅನ್ನು. ಕೊಟ್ಟುಬಿಡ್ತೀನಿ."

"ಕೇಳಲ್ಲ ಅತ್ತಿಗೆ. ಕೇಳಿದ್ರೆ ನೀನು ಕೊಡಲೇಬೇಕು, ಅದ್ರಲ್ಲಿ ನಿಂದೇನಿದೆ?"

ಅವಳು ಹೋದ ಮೇಲೆ ಮಕೆರೆಟಾ ಪ್ರಾರ್ಥನೆಗೆ ಕೂತಳು, ಆದರೆ ದೇವರ ಜೊತೆ ಆಡಿದ ಮಾತೆಲ್ಲ ಸೆನಿಮಿಲಿಯ ಬಗ್ಗೆಯೇ. ಕಥೆ ಹೇಳುವುದರಲ್ಲಿ ಅವಳೇ ಮೇಲು. ಮಕ್ಕಳಿಗೆ ಅವಳೇ ಬೇಕು. ಈಗ ಒಳ್ಳೆಯತನದಲ್ಲೂ ಅವಳೇ ಮುಂದೆ ಹೋಗಿ ನಿಂತಳು. ಒಂದಾದರೂ ತನಗೆ ಬಿಡಬಾರದಿತ್ತೇ?

ಮರುದಿನ ಮಧ್ಯಾಹ್ನ ಅವಳು ಹನ್ನೊಂದು ಹಾಳೆಗಳನ್ನು ಹಿಡಿದು ಸೆನಿಮಿಲಿಯ ಮನೆಗೆ ಹೋದಳು. ಅರಿಯೆಟಾ ಅಲ್ಲೇ ಇದ್ದಳು. ಸೆನಿಮಿಲಿ ತಲೆ ಅಲ್ಲಾಡಿಸಿ ಬೇಡ ಎಂದು ಸನ್ನೆ ಮಾಡಿದಳು. ಮಕೆರೆಟಾ ಅದನ್ನು ನೋಡಲಿಲ್ಲ, ಅಥವಾ ನೋಡಬಾರದೆಂದುಕೊಂಡಳು.

"ಇದನ್ನ ಕತ್ತರಿಸಿದ್ದು ನಾನು," ಎಂದಳು.

ಹುಡುಗಿ ಹಾಳೆಗಳನ್ನು ನೋಡಿದಳು. "ನೀವಾ? ಪುಸ್ತಕಾನಾ?"

"ಹೂಂ. ನೀನು ಇಲ್ಲಿ ಓದ್ತೀಯ, ನನ್ನ ಹತ್ರ ಓದಲ್ಲ ಅಂತ ಹೊಟ್ಟೆ ಉರೀತು."

ಅರಿಯೆಟಾ ಎರಡೂ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು, ಪುಟದ ಸಂಖ್ಯೆ ಸರಿಯಿದೆಯೇ ನೋಡಿ, ಕೂತು ಗಟ್ಟಿಯಾಗಿ ಓದಿದಳು. ಟಾಮ್ಸಿನ್‌ಗೆ ಅಣ್ಣ ಸಿಗುತ್ತಾನೆ. ಆದರೆ ಅವನು ಬೇರೆ ಊರಿನವನಾಗಿಹೋಗಿರುತ್ತಾನೆ, ಮನೆಗೆ ಬರುವುದಿಲ್ಲ. ಅವಳು ಒಬ್ಬಳೇ ಹಡಗು ಹತ್ತುತ್ತಾಳೆ. ಅಲ್ಲಿಗೆ ಮುಗಿಯಿತು. ಸೆನಿಮಿಲಿ ಜೋರಾಗಿ ಅತ್ತಳು, ಮೂಗು ಒರೆಸಿಕೊಂಡು, "ಇವನೆಂಥ ಅಣ್ಣ, ಇವನ ದೋಣಿ ಮುಳುಗ!" ಎಂದು ಬೈದಳು.

ಮಕೆರೆಟಾ ಹೊರಡಲು ಎದ್ದಳು. ಬಾಗಿಲಲ್ಲಿ ನಿಂತು ಕೇಳಿದಳು: "ಹನ್ನೊಂದನೇದಕ್ಕೆ ನಮ್ಮನೆಗೆ ಬರ್ತೀಯಾ?"

"ಇಲ್ಲ ಬುಬು ಮಕೆರೆಟಾ," ಎಂದಳು ಅರಿಯೆಟಾ, ಮೆತ್ತಗೆ, ಆದರೆ ತಡವರಿಸದೆ. "ಉಳಿದ ನಾಲ್ಕನ್ನೂ ಓದ್ತೀನಿ. ಇಲ್ಲೇ ಓದ್ತೀನಿ. ಪುಸ್ತಕ ತಂದು ಕೊಟ್ರೆ."

ಮರುದಿನ ಮಕೆರೆಟಾ ಹನ್ನೊಂದನೆಯ ಪುಸ್ತಕ ತಂದಳು. ಬಾಗಿಲ ಹತ್ತಿರ, ಕಿರಿಯರು ಕೂರುವ ಕೆಳಗಿನ ಜಾಗದಲ್ಲಿ ಕೂತಳು. "ಮೇಲೆ ಬಾ ಅತ್ತಿಗೆ, ಅಲ್ಲೇನು ನಾಯಿ ಕಾಯ್ತೀಯಾ?" ಎಂದಳು ಸೆನಿಮಿಲಿ. ಮಕೆರೆಟಾ ಬರಲಿಲ್ಲ. ಆ ಜಾಗದಿಂದ ಓದುವವಳ ಮುಖ ಕಾಣುತ್ತಿತ್ತು. ಮೂರನೆಯ ಪುಟದಲ್ಲಿ ಒಂದು ನಗುವ ಮಾತಿತ್ತು. ಅದು ಮಕೆರೆಟಾಗೆ ಬಾಯಿಪಾಠ. ಹುಡುಗಿ ಅಲ್ಲಿಗೆ ಬಂದಳು, ಓದಿದಳು, ತಲೆ ಎತ್ತಿದಳು, ಸೆನಿಮಿಲಿಯ ಕಡೆ ನೋಡಿ ನಕ್ಕಳು. ಏಳನೆಯ ಪುಟದಲ್ಲೂ ಹಾಗೆಯೇ. ಮುಂದಿನ ನಗುವ ಮಾತು ಹದಿನಾಲ್ಕನೆಯ ಪುಟದಲ್ಲಿದೆ. ಮಕೆರೆಟಾ ಕಾಲು ಮಡಚಿಕೊಂಡು, ಕಣ್ಣು ಕದಲಿಸದೆ, ಅದು ಬರುವುದನ್ನು ಕಾಯುತ್ತ ಕೂತಳು.