ಭಾನುವಾರ ಬದಲಿಸಿದ ಬೇರಿಂಗ್

ಇವತ್ತು ಕೊಂಡಾಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಹಳೇ ಪೇಪರಿನಲ್ಲಿ ಸುತ್ತಿದ ಭಾರದ ಗಂಟೊಂದನ್ನು ನನ್ನ ಕೈಗಿಟ್ಟ. "ಬೇರಿಂಗ್ ಪೋಯಿಂದಿ ಮೇಡಂ, ಹಬ್ ಕೂಡಾ" ಎಂದ. ಬೇರಿಂಗ್ ಹೋಗಿದೆ, ಜೊತೆಗೆ ಹಬ್ಬೂ ಸವೆದಿದೆ. ಗಾಲಿ ತಿರುಗುವುದೇ ಇವೆರಡರ ಮೇಲೆ. ಬಿಚ್ಚಿದೆ. ಸುಟ್ಟ ಗ್ರೀಸಿನ ವಾಸನೆ. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತುಬಿಟ್ಟೆ. ಆ ವಾಸನೆಗೆ ನನಗೆ ವೀರೇಶ ನೆನಪಾಗುತ್ತಾನೆ. ಅವನು ನೆನಪಾದ ದಿನ ಊಟ ಸೇರುವುದಿಲ್ಲ.

ವೀರೇಶ ಸಿಂಧನೂರಿನವನು. ಅವರಪ್ಪ ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು. ಇವನು ಮೆಕ್ಯಾನಿಕಲ್ ಓದಿ, ಆ ಕಾಲದ ಎಲ್ಲರಂತೆ ಕಂಪ್ಯೂಟರಿನ ಮುಂದೆ ಕೂತು, ಅಮೆರಿಕದ ಯಾವುದೋ ವಿಮಾ ಕಂಪನಿಯ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದ. ನಾನು ಅದೇ ಆಫೀಸಿನ ಎಚ್‌ಆರ್. ಸಿಕ್ಕವರನ್ನೆಲ್ಲ ಕರೆದು ಕೆಲಸ ಕೊಡುತ್ತಿದ್ದ ಕಾಲವದು. ಅನ್ನದಾತೆ ನಾನೇ ಎಂಬಂತೆ ಬೀಗುತ್ತಿದ್ದೆ. ನಮ್ಮಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯ ಕೆಲಸಕ್ಕೆಂದು ಬೀದರಿನಿಂದ ಬಂದು ಉಪ್ಪಲ್‌ನಲ್ಲೇ ಮನೆ ಕಟ್ಟಿಸಿದ್ದರು. ಎರಡು ಗಲ್ಲಿಯಾಚೆ ವೀರೇಶನ ಬಾಡಿಗೆ ಮನೆ. ಆಫೀಸಿದ್ದ ಕೊಂಡಾಪುರ ನಗರದ ಇನ್ನೊಂದು ತುದಿ, ಎರಡು ತಾಸಿನ ದಾರಿ. ಅವನು ನನ್ನ ಕಾರಿನಲ್ಲೇ ಬರುತ್ತಿದ್ದ. ಆಫೀಸಿನಲ್ಲಿ ಇಂಗ್ಲಿಷು, ಕ್ಯಾಂಟೀನಿನಲ್ಲಿ ತೆಲುಗು. ಕನ್ನಡಕ್ಕೆ ನನಗೆ ಅವನು, ಅವನಿಗೆ ನಾನು. ಅಕ್ಕಾ ಎನ್ನುತ್ತಿದ್ದ.

ಕಾರು ಗುಂಯ್ ಎನ್ನತೊಡಗಿ ತಿಂಗಳಾಗಿತ್ತು. ದಾರಿಯಲ್ಲಿ ಬೇಗಂಪೇಟೆಯ ಏರ್‌ಪೋರ್ಟ್ ಬಳಿ ವೇಗ ಹೆಚ್ಚಿಸಿದರೆ ಇನ್ನೂ ಜೋರು. ವಿಮಾನ ಇಳಿಯುತ್ತಿದೆ ಎಂದುಕೊಂಡು ನಾನು ರೇಡಿಯೋ ದನಿ ಏರಿಸುತ್ತಿದ್ದೆ. ನಗಬೇಡಿ.

"ಅಕ್ಕಾ, ಏರ್‌ಪೋರ್ಟ್ ಶಂಷಾಬಾದಿಗೆ ಹೋಗಿ ಭಾಳ ತಿಂಗಳಾತು," ಎಂದ ವೀರೇಶ ಒಂದು ದಿನ. "ನಿಮ್ಮ ವಿಮಾನ ಎಡಗಡಿ ಮುಂದಿನ ಗಾಲಿಯೊಳಗೈತಿ. ರೇಡಿಯೋ ಬಂದ್ ಮಾಡಿ ಸ್ಟೇರಿಂಗ್ ಸ್ವಲ್ಪ ಬಲಕ್ಕ ತಿರುಗಿಸ್ರಿ."

ತಿರುಗಿಸಿದೆ. ಭಾರ ಎಡಗಾಲಿಯ ಮೇಲೆ ಬಿದ್ದು ಸದ್ದು ಇಮ್ಮಡಿಯಾಯಿತು.

"ಕೇಳ್ತಲ್ಲ? ಬೇರಿಂಗ್ ಸತ್ತೈತಿ. ಐತ್ವಾರ ನಾನಾ ಬಂದು ಹಾಕ್ತೀನಿ."

"ಗ್ಯಾರೇಜಿಗೆ ಬಿಡ್ತೀನಿ ಬಿಡಪಾ."

"ಕೈ ತುರಸಾಕತ್ತಾವ್ರಿ ಅಕ್ಕಾ. ಪಾನಾ ಹಿಡದು ನಟ್ಟು ಬಿಗದು ವರ್ಷಾತು."

ಅಮೆರಿಕದ ಬ್ಯಾಂಕುಗಳು ಮುಳುಗುತ್ತಿದ್ದ ವರ್ಷವದು. ಆ ಶುಕ್ರವಾರ ಸಂಜೆ ನನ್ನ ಕೈಗೆ ಒಂದು ಪಟ್ಟಿ ಬಂತು: ಸೋಮವಾರ ಕೆಲಸದಿಂದ ತೆಗೆಯಬೇಕಾದವರ ಹೆಸರುಗಳು. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡೇ ಕೊಟ್ಟರು. ಏಳನೆಯ ಹೆಸರು ವೀರೇಶನದು.

ಭಾನುವಾರ ಬೆಳಿಗ್ಗೆ ಹಳೇ ಲುಂಗಿ ಉಟ್ಟು ಬಂದ. ಜಾಕ್ ಏರಿಸಿ, ಗಾಲಿಯ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದ. ಅದು ಕಟಕಟ ಎಂದಾಗ ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಆಫೀಸಿನಲ್ಲಿ ಒಂದು ದಿನವೂ ಆ ಮುಖ ಕಂಡಿರಲಿಲ್ಲ. ಬೇರಿಂಗ್ ಕೂತ ಭಾಗವನ್ನು ಇಡಿಯಾಗಿ ಕಳಚಿ, ಆಟೋದಲ್ಲಿ ಪರಿಚಯದ ಲೇತ್ ಅಂಗಡಿಗೆ ಒಯ್ದು, ಪ್ರೆಸ್ಸಿನಲ್ಲಿ ಒತ್ತಿಸಿ ಹೊಸ ಬೇರಿಂಗ್, ಹೊಸ ಹಬ್ ಕೂರಿಸಿಕೊಂಡು ಬಂದ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಹೊಸದೂ ಬೇಗ ಕೆಡುತ್ತದಂತೆ. ಅವನು ವಿವರಿಸುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ. ನನ್ನ ಕಣ್ಣಮುಂದೆ ಆ ಪಟ್ಟಿ.

ಕಾರಿನ ಪಕ್ಕ ಮೊಣಕಾಲೂರಿ ಕೂತೇ ಕೇಳಿದ: "ಅಕ್ಕಾ, ಒಂದು ಮಾತು ಕೇಳಲೇನ್ರಿ? ಪುಣೇದಾಗ ಟ್ರ್ಯಾಕ್ಟರ್ ಕಂಪನಿಯೊಂದು ಕರದೈತಿ. ಪಗಾರ ಕಡಿಮಿ, ಆದ್ರ ಕಬ್ಬಿಣದ ಕೆಲಸ, ನಂದಾ ಕೆಲಸ. ಇವತ್ತ ಸಂಜೀ ಒಳಗ ಹೇಳಬೇಕು. ಮನ್ಯಾಗ ಆಕಿ ಎಂಟು ತಿಂಗಳ ಬಸುರಿ, ಈ ಊರು ಬಿಡಾಕ ಮನಸ್ಸಾಗವಲ್ದು. ನೀವೇನಂತೀರಿ?"

ಹೋಗಪಾ ಎಂಬ ಒಂದು ಮಾತು ಸಾಕಿತ್ತು. ಪಟ್ಟಿಯ ಸುದ್ದಿ ಎತ್ತುವುದೇ ಬೇಕಿರಲಿಲ್ಲ. ನನ್ನ ಕೆಲಸಕ್ಕೆ ಕುತ್ತು ಬಂದೀತೆಂಬ ಹೆದರಿಕೆ ಇತ್ತು, ನಿಜ. ಅದಕ್ಕಿಂತ ಹಲ್ಕಾ ಯೋಚನೆಯೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಗಾಲಿ ಇನ್ನೂ ಬಿಚ್ಚಿಯೇ ಇತ್ತು. ಇವನೀಗ ಪುಣೆಗೆ ಫೋನು ಮಾಡಲು ಎದ್ದು ಹೋದರೆ ಇದನ್ನು ಜೋಡಿಸುವವರು ಯಾರು ಎನಿಸಿತು. ಥೂ, ನನ್ನ ಜನ್ಮಕ್ಕಿಷ್ಟು!

"ಇಲ್ಲೇನು ಕಡಿಮಿ ಆಗೈತಿ ನಿನಗ?" ಎಂದೆ. "ಚಾ ಆರಾಕತ್ತೈತಿ, ಕುಡಿ."

"ಅದೂ ಖರೇನ," ಎಂದು ಚಾ ಕುಡಿದ. ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಮೈಭಾರ ಹಾಕಿ ನಟ್ಟು ಬಿಗಿದ.

ಸೋಮವಾರ ಕಾರಿನಲ್ಲಿ ಚೂರೂ ಸದ್ದಿರಲಿಲ್ಲ. ಪುಣೆಯವರಿಗೆ ಸಂಜೆಯೇ ಒಲ್ಲೆ ಎಂದುಬಿಟ್ಟೆ ಎಂದ. ನಾನು ರೇಡಿಯೋ ಹಾಕಿದೆ. "ಇರ್ಲಿ ಬಿಡ್ರಿ, ಗಾಡಿ ಹೆಂಗ ಹೊಂಟೈತಿ ಕೇಳ್ರಿ," ಎಂದು ಅವನು ಅದನ್ನು ಆರಿಸಿದ. ಕೊಂಡಾಪುರದವರೆಗೂ ಹಾಗೆಯೇ ಹೋದೆವು.

ಹನ್ನೊಂದಕ್ಕೆ ಅವನನ್ನು ಒಳಗೆ ಕರೆದೆವು. ಪಕ್ಕದಲ್ಲಿ ಕನ್ನಡ ಬಾರದ ಮ್ಯಾನೇಜರು. ಇಂಗ್ಲಿಷಿನ ಆ ಕಾಗದವನ್ನು ನಾನೇ ಓದಿದೆ. ಅವನು ಉಗುರಿನ ಸಂದಿಯ ಗ್ರೀಸನ್ನು ನೋಡುತ್ತ ಕೂತಿದ್ದ. ಆಮೇಲೆ ಕನ್ನಡದಲ್ಲಿ ಕೇಳಿದ:

"ಅಕ್ಕಾ, ನಿನ್ನೆ ನಿಮಗ ಗೊತ್ತಿತ್ತೇನ್ರಿ?"

"ಇಲ್ಲಪಾ," ಎಂದೆ.

"ಗೊತ್ತಿದ್ರ ನೀವು ಹೇಳೇ ಹೇಳ್ತಿದ್ರಿ. ಅಳಬ್ಯಾಡ್ರಿ." ನನಗೇ ಸಮಾಧಾನ ಹೇಳಿದ. ಬಾಗಿಲವರೆಗೆ ಹೋದವನು ತಿರುಗಿ, "ನೂರು ಕಿಲೋಮೀಟರ್ ಆದಮ್ಯಾಲ ಗಾಲಿ ನಟ್ಟು ಇನ್ನೊಮ್ಮೆ ಬಿಗಿ ಮಾಡಸ್ರಿ, ಮರೀಬ್ಯಾಡ್ರಿ," ಎಂದ.

ಪುಣೆಯ ಜಾಗ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ವಾರದಲ್ಲಿ ಮನೆ ಖಾಲಿ ಮಾಡಿ, ತುಂಬು ಬಸುರಿಯನ್ನು ಕರೆದುಕೊಂಡು ಊರಿಗೆ ಹೋದನಂತೆ. ಯುಗಾದಿಯ ದಿನ ಅವನೇ ಫೋನು ಮಾಡಿದ. ಪರದೆಯ ಮೇಲೆ ಅವನ ಹೆಸರು ನೋಡುತ್ತ ಕೂತೆ, ಎತ್ತಲಿಲ್ಲ. ಮತ್ತೆ ಮಾಡಲಿಲ್ಲ ಅವನು. ಮುಂದೆ ಆ ನಂಬರೇ ಇಲ್ಲವಾಯಿತು. ಮಗು ಗಂಡೋ ಹೆಣ್ಣೋ ಅದೂ ನನಗೆ ಗೊತ್ತಿಲ್ಲ.

ಗ್ಯಾರೇಜಿನಿಂದ ಮನೆಗೆ ಬಂದವಳು ಬಟ್ಟೆ ಕೂಡ ಬದಲಿಸದೆ ಇದನ್ನು ಬರೆಯಲು ಕೂತೆ. ನನಗೆ ಗೊತ್ತಿತ್ತು. ಶುಕ್ರವಾರವೇ ಗೊತ್ತಿತ್ತು. ಇಷ್ಟು ವರ್ಷ ಗಂಡನಿಗೂ ಹೇಳದ್ದನ್ನು ನಿಮಗೆ ಹೇಳಿದ್ದೇನೆ. ಹೇಳಿದರೆ ಎದೆ ಹಗುರಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ಹೇಳಬೇಕಾಗಿದ್ದದ್ದು ನಿಮಗಲ್ಲವಲ್ಲ.