ಕೆಂಪು ದಾರದ ಬೀಡಾ

ತಟ್ಟೆಯಿಂದ ಬೀಡಾ ಎತ್ತಿಕೊಂಡ ಗಂಡಿನ ತಾಯಿ ಅದನ್ನು ಬಾಯಿಗಿಡದೆ ನೋಡುತ್ತಲೇ ಕುಳಿತರು. ಲಕ್ಷ್ಮೇಶ್ವರದ ನಮ್ಮ ನೆರೆಮನೆಯ ಮಾಬೂಬಿ, ಮಗಳನ್ನು ನೋಡಲು ಮುಂಡರಗಿಯಿಂದ ಬಂದವರಿಗೆಂದು ತಾನೇ ವೀಳ್ಯ ಮಡಿಸಿದ್ದಳು. ಇಪ್ಪತ್ತು ವರ್ಷ ಬೀಡಿ ಕಟ್ಟಿದ ಬೆರಳುಗಳು ಲವಂಗ ಚುಚ್ಚುವ ಬದಲು ಎಲೆಯನ್ನು ಸಣ್ಣಗೆ ಸುತ್ತಿ, ತುದಿ ಮಡಚಿ, ಕೆಂಪು ದಾರ ಬಿಗಿದಿದ್ದವು.

"ತಪ್ಪಾತ್ರಿ ಅಕ್ಕಾರ, ಕೈ ತನ್ನ ರೂಢಿ ಬಿಡವಲ್ದು" ಎಂದ ಮಾಬೂಬಿಯ ಮುಖ ಬಾಡಿಹೋಗಿತ್ತು. ಮಾತು ಇಲ್ಲಿಗೇ ಮುರಿಯಿತು ಎಂದುಕೊಂಡೆ.

ನಿವೃತ್ತ ಕನ್ನಡ ಮಾಸ್ತರನಾದ ನನಗೆ ಸುಮ್ಮನಿರಲಾಗಲಿಲ್ಲ. ಸಂಸ್ಕೃತದ ವೀಟಿಕಾ ಎಂದರೆ ಸುತ್ತಿದ ವೀಳ್ಯ, ಬೀಡಾ ಮತ್ತು ಬೀಡಿ ಎರಡೂ ಅದರಿಂದಲೇ ಬಂದವು, ತಂಬಾಕು ಈ ಕಡೆ ಬರುವ ಮೊದಲು ಆ ಹೆಸರು ಎಲೆ-ಅಡಿಕೆಯದೇ ಆಗಿತ್ತು ಎಂದು ಪಾಠ ಶುರು ಮಾಡಿದೆ. ಯಾರೂ ಕೇಳಲಿಲ್ಲ.

ಗಂಡಿನ ತಾಯಿ ಹಲ್ಲಿನಿಂದ ದಾರ ಕಡಿದು, ಬೀಡಾ ಬಾಯಿಗಿಟ್ಟು, ತಮ್ಮ ತೋರುಬೆರಳನ್ನು ಮಾಬೂಬಿಯ ಮುಂದೆ ಹಿಡಿದರು. ವರ್ಷಗಟ್ಟಲೆ ಬೀಡಿಯ ದಾರ ಎಳೆದೆಳೆದು ಅಲ್ಲಿ ಗೆರೆ ಬಿದ್ದಿತ್ತು. "ನಂದೂ ಇದ ಕೈ ನೋಡವಾ" ಎಂದರು.

ಮದುವೆಯ ದಿನ ನನ್ನ ಕೈಗೆ ಬಂದ ಬೀಡಾಕ್ಕೂ ಕೆಂಪು ದಾರವಿತ್ತು. ಬೀಗತಿಯರಿಬ್ಬರೂ ಕೂಡಿ ಕಟ್ಟಿದ್ದರಂತೆ. ತಿನ್ನಲು ಮನಸ್ಸಾಗದೆ ಮನೆಗೆ ತಂದು ನಿಘಂಟಿನ ಪಕ್ಕ ಇಟ್ಟಿದ್ದೇನೆ. ಎಲೆ ಒಣಗಿದೆ, ಗಂಟು ಇನ್ನೂ ಸಡಿಲಾಗಿಲ್ಲ.